ಪೇರೋಲ್ ನಡೆಯುವಾಗ ಟೈಮ್‌ಶೀಟ್ ಬದಲಾಗದಂತೆ ಏನು ಮಾಡುತ್ತೀರಿ? ನಿಮ್ಮ ಅನುಭವ ಹೇಳಿ

ಕೇಳಿದವರು:

ನಮ್ಮಲ್ಲಿ ಸುಮಾರು 240 ಜನ ಇದ್ದಾರೆ. ಲೆಕ್ಕ, ಚೆಕಿಂಗ್, ಬ್ಯಾಂಕ್ ಫೈಲ್ (ಯಾರಿಗೆ ಎಷ್ಟು ಸಂಬಳ ಅಂತ ಬ್ಯಾಂಕ್‌ಗೆ ಕಳಿಸುವ ಫೈಲ್) ಎಲ್ಲಾ ಸೇರಿ ಪೇರೋಲ್, ಅಂದರೆ ಸಂಬಳ ಮಾಡುವ ಕೆಲಸ, ಮುಗಿಯೋಕೆ ಎರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಯಾರೋ ಒಬ್ಬ ಸೂಪರ್‌ವೈಸರ್ ಟೈಮ್‌ಶೀಟ್ (ಯಾರು ಎಷ್ಟು ಗಂಟೆ ದುಡಿದರು ಅನ್ನುವ ದಾಖಲೆ) ತೆಗೆದು ಓಟಿ (ಓವರ್‌ಟೈಮ್) ಗಂಟೆ ತಿದ್ದಿರುತ್ತಾರೆ. ಪೇಸ್ಲಿಪ್‌ನಲ್ಲಿ ಒಂದು ಅಂಕಿ, ಟೈಮ್‌ಶೀಟ್‌ನಲ್ಲಿ ಇನ್ನೊಂದು. ದಯವಿಟ್ಟು ಈ ಎರಡು ದಿನ ಮುಟ್ಟಬೇಡಿ ಅಂತ ಪ್ರತಿ ತಿಂಗಳು ಮೇಲ್ ಹಾಕುತ್ತೇನೆ, ಕೇಳುವವರೇ ಇಲ್ಲ. ನೀವೆಲ್ಲ ಇದನ್ನು ಹೇಗೆ ತಡೆದಿದ್ದೀರಿ? ಪೂರ್ತಿ ಲಾಕ್ ಮಾಡಿಬಿಟ್ಟರೆ ನಿಜವಾಗಿ ತಪ್ಪಿರುವುದನ್ನು ಸರಿ ಮಾಡೋದು ಹೇಗೆ ಅನ್ನುವ ಚಿಂತೆಯೂ ಇದೆ.

ಪೇರೋಲ್ ನೋಡಿಕೊಳ್ಳುವವರು:

ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದಿಂದ ನನ್ನದೂ ಇದೇ ಕೆಲಸ. ಮೇಲ್ ಹಾಕಿ ಇದನ್ನು ನಿಲ್ಲಿಸೋಕೆ ಆಗಲ್ಲ. ಸೂಪರ್‌ವೈಸರ್ ಬೇಕಂತ ತೊಂದರೆ ಕೊಡುತ್ತಿಲ್ಲ, ತನ್ನ ಹುಡುಗ ರಜೆ ದಿನ ಬಂದು ದುಡಿದಿದ್ದಾನೆ, ಅದು ಬಿಟ್ಟುಹೋಗಿದೆ, ನೆನಪಾದಾಗ ಸರಿ ಮಾಡೋಣ ಅಂತ ಹೋಗುತ್ತಾನೆ, ಸಿಸ್ಟಮ್ ಬಿಡುತ್ತದೆ, ಮಾಡುತ್ತಾನೆ.

ಒಂದು ತಿಂಗಳು ಒಬ್ಬ ನೌಕರರು ನನ್ನ ಮೇಜಿನ ಮುಂದೆ ಎರಡು ಕಾಗದ ಹಿಡಿದು ನಿಂತಿದ್ದರು. ಒಂದರಲ್ಲಿ 176 ಗಂಟೆ, ಇನ್ನೊಂದರಲ್ಲಿ 184. ಎರಡೂ ನಮ್ಮ ಸಿಸ್ಟಮ್‌ನಿಂದಲೇ ಪ್ರಿಂಟ್ ಆಗಿದ್ದವು. 8 ಗಂಟೆ ಎಲ್ಲಿ ಹೋಯಿತು ಅಂತ ಹುಡುಕೋಕೆ ಅರ್ಧ ದಿನ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಇಷ್ಟು: ಲೆಕ್ಕ ಶುರುವಾಗಿದ್ದು 10.15ಕ್ಕೆ, ಸೂಪರ್‌ವೈಸರ್ ತಿದ್ದಿದ್ದು 10.40ಕ್ಕೆ, ಅಷ್ಟೊತ್ತಿಗೆ ಲೆಕ್ಕ ಆ ನೌಕರರ ಹೆಸರು ದಾಟಿ ಹೋಗಿತ್ತು. ಅವರಿಗೆ ಬೇಜಾರಾಗಿದ್ದು ಬರೀ ದುಡ್ಡಿಗಲ್ಲ. ತನ್ನ ಸಂಬಳದ ಲೆಕ್ಕ ಕೇಳಿದರೆ ಸಂಬಳ ಮಾಡುವವರಿಗೇ ಗೊತ್ತಿಲ್ಲ ಅಂತ. ಆ ಮುಖ ನನಗೆ ಇನ್ನೂ ನೆನಪಿದೆ.

ಆಮೇಲೆ ನಾವು ಪ್ರತಿ ಸಂಬಳದ ಅವಧಿಗೆ ನಾಲ್ಕು ಹಂತ ಇಟ್ಟೆವು. ತೆರೆದಿದೆ, ಅಪ್ರೂವ್ ಆಗಿದೆ, ಲಾಕ್ ಆಗಿದೆ, ಸಂಬಳ ಹೋಗಿದೆ. ಅವಧಿ ಲಾಕ್ ಆಗದೆ ಪೇರೋಲ್ ಶುರು ಮಾಡುವ ಬಟನ್ ಕೆಲಸವೇ ಮಾಡುವುದಿಲ್ಲ. ಕಟ್ ಆಫ್‌ಗೆ (ಅವಧಿ ಲಾಕ್ ಆಗುವ ಗಡುವಿಗೆ) ಎರಡು ದಿನ ಮುಂಚೆ ಪ್ರತಿ ಸೂಪರ್‌ವೈಸರ್‌ಗೆ ಅವರ ಕೈಕೆಳಗೆ ಯಾರ ಟೈಮ್‌ಶೀಟ್ ಇನ್ನೂ ಅಪ್ರೂವ್ ಆಗಿಲ್ಲ ಅನ್ನುವ ಪಟ್ಟಿ ಹೆಸರು ಸಮೇತ ಹೋಗುತ್ತದೆ. ಎಲ್ಲರಿಗೂ ಒಂದೇ ಮೇಲ್ ಹಾಕಿದರೆ ಅದು ಯಾರದ್ದೂ ಅಲ್ಲ. ಆರು ಹೆಸರಿರುವ ಪಟ್ಟಿ ಬಂದರೆ ಕೂತು ನೋಡುತ್ತಾರೆ.

ಲಾಕ್ ಆದ ಮೇಲೆ ತಪ್ಪು ಗೊತ್ತಾದರೆ ಹಳೆಯ ಸಾಲನ್ನು ಮುಟ್ಟುವುದಿಲ್ಲ. ಸೂಪರ್‌ವೈಸರ್ ತಿದ್ದುಪಡಿ ಕೋರಿಕೆ ಹಾಕುತ್ತಾರೆ. ಅದು ಮುಂದಿನ ಪೇಸ್ಲಿಪ್‌ನಲ್ಲಿ ಅರಿಯರ್ಸ್ (ಹಿಂದಿನ ಬಾಕಿ) ಅಂತ ಬೇರೆ ಸಾಲಾಗಿ ಬರುತ್ತದೆ, ದುಡಿದ ತಾರೀಕು ಸಮೇತ, ಆ ದಿನ ಇದ್ದ ರೇಟಿನಲ್ಲೇ. ಮೊತ್ತ ದೊಡ್ಡದಾಗಿದ್ದರೆ, ಅಥವಾ ಅವರಿಗೆ ಕಾಯೋಕೆ ಕಷ್ಟ ಅಂತಿದ್ದರೆ, ಅದೇ ವಾರ ಬೇರೆಯಾಗಿ ಪಾವತಿ ಮಾಡುತ್ತೇವೆ. ಇದರಲ್ಲಿ ನಾನು ಗಟ್ಟಿ. ಲಾಕ್ ಆಯ್ತು ಅನ್ನುವುದು ದುಡಿದ ಗಂಟೆಗೆ ದುಡ್ಡು ಕೊಡದೇ ಇರೋಕೆ ಕಾರಣ ಆಗಬಾರದು. ಈ ದಾರಿ ತೆರೆದಿದೆ ಅಂತ ಗೊತ್ತಾದ ಮೇಲೇ ನಮ್ಮ ಸೂಪರ್‌ವೈಸರ್‌ಗಳು ಲಾಕ್ ಒಪ್ಪಿಕೊಂಡಿದ್ದು.

ಸಾಫ್ಟ್‌ವೇರ್ ಬರೆಯುವವರು:

ಮೇಲಿನವರು ಹೇಳಿದ್ದು ಸರಿ. ಆದರೆ ಲಾಕ್ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ನಾನು ಮೊದಲ ಸಲ ಮಾಡಿದಾಗ ಸ್ಕ್ರೀನ್‌ನಲ್ಲಿ ಸೇವ್ ಬಟನ್ ಮಾತ್ರ ಮುಚ್ಚಿದ್ದೆ. ಲಾಕ್ ಬಿದ್ದದ್ದು 6 ಗಂಟೆಗೆ. ಒಬ್ಬರು 5.50ಕ್ಕೆ ಪೇಜ್ ತೆರೆದಿಟ್ಟು ಹೊರಗೆ ಹೋಗಿ ಬಂದು 6.10ಕ್ಕೆ ಸೇವ್ ಒತ್ತಿದರು. ಅವರ ಪೇಜ್‌ನಲ್ಲಿ ಬಟನ್ ಇನ್ನೂ ಇತ್ತು, ಸೇವ್ ಆಯಿತು. ಆದ್ದರಿಂದ ತಪಾಸಣೆ ಸರ್ವರ್‌ನಲ್ಲಿ, ಬರೆಯುವ ಹೊತ್ತಿಗೇ ಆಗಬೇಕು.

ಅಷ್ಟು ಮಾಡಿದರೂ ಒಂದು ಸಂದು ಉಳಿಯುತ್ತದೆ. ಸೇವ್ ಮಾಡುವ ಕೋಡ್ ಅವಧಿ ತೆರೆದಿದೆ ಅಂತ ನೋಡುತ್ತದೆ, ಮರುಕ್ಷಣ ಯಾರೋ ಲಾಕ್ ಮಾಡುತ್ತಾರೆ, ಆಮೇಲೆ ಸೇವ್ ಬರೆಯುತ್ತದೆ. ಇದನ್ನು ಮುಚ್ಚೋಕೆ ನೋಡುವುದು, ಬರೆಯುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಡೇಟಾಬೇಸ್ ಒಂದೇ ಕೆಲಸ ಅಂತ ಪೂರ್ತಿ ಮಾಡುವ, ಇಲ್ಲವೇ ಪೂರ್ತಿ ಬಿಡುವ ಹೆಜ್ಜೆಗಳ ಗುಂಪು) ಇರಬೇಕು, ಅವಧಿಯ ಸಾಲನ್ನು ಹಿಡಿದುಕೊಂಡೇ ಬರೆಯಬೇಕು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಾದರೆ ಸೇವ್ ಮಾಡುವವರು ಆ ಸಾಲನ್ನು 'ಫಾರ್ ಶೇರ್' ಅಂತ ಓದುತ್ತಾರೆ, ಲಾಕ್ ಮಾಡುವವರು 'ಫಾರ್ ಅಪ್‌ಡೇಟ್' ಅಂತ. ಆಗ ನೂರು ಜನ ಒಟ್ಟಿಗೆ ಸೇವ್ ಮಾಡಬಹುದು, ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ಲಾಕ್ ಮಾತ್ರ ನಡೆಯುತ್ತಿರುವ ಸೇವ್‌ಗಳು ಮುಗಿಯುವ ತನಕ ಕಾಯುತ್ತದೆ, ಆಮೇಲೆ ಬಂದ ಸೇವ್‌ಗೆ ಲಾಕ್ ಆಗಿರುವುದೇ ಕಾಣುತ್ತದೆ. ಈ ಹಿಡಿತ ಕ್ಷಣಗಳ ಮಾತು. ಎರಡು ದಿನ ಟ್ರಾನ್ಸಾಕ್ಷನ್ ತೆರೆದಿಡಬೇಡಿ, ಡೇಟಾಬೇಸ್ ಒದ್ದಾಡುತ್ತದೆ. ಅಷ್ಟು ದಿನದ ಲಾಕ್ ಅಂದರೆ ಅವಧಿಯ ಸ್ಟೇಟಸ್ ಕಾಲಮ್, ಅಷ್ಟೇ.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಲಾಕ್ ಆದ ಅವಧಿಯ ಎಂಟ್ರಿಯನ್ನು ತೆಗೆದು ತಾರೀಕು ಬದಲಿಸಿ ತೆರೆದ ಅವಧಿಗೆ ತಂದರೆ ಏನಾಗುತ್ತದೆ? ಹೊಸ ತಾರೀಕು ಮಾತ್ರ ನೋಡುವ ಕೋಡ್ ಸುಮ್ನೆ ಬಿಟ್ಟುಬಿಡುತ್ತದೆ. ಹಳೆಯ ತಾರೀಕು, ಹೊಸ ತಾರೀಕು ಎರಡನ್ನೂ ನೋಡಬೇಕು. ಡಿಲೀಟ್ ಮತ್ತು ಹೊಸ ಎಂಟ್ರಿಗೂ ಇದೇ ನಿಯಮ. ನಾವು ಇದನ್ನು ಡೇಟಾಬೇಸ್ ಟ್ರಿಗರ್‌ನಲ್ಲೇ (ಡೇಟಾ ಬದಲಾಗುವಾಗ ಡೇಟಾಬೇಸ್ ತಾನಾಗೇ ಓಡಿಸುವ ಕೋಡ್) ಇಟ್ಟಿದ್ದೇವೆ, ಹಾಗಾಗಿ ಎಕ್ಸೆಲ್ ಇಂಪೋರ್ಟ್ ಬಂದರೂ ಯಾರಾದರೂ ನೇರವಾಗಿ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಓಡಿಸಿದರೂ ಅಲ್ಲೇ ನಿಲ್ಲುತ್ತದೆ.

ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಟ್ಟಿದ್ದು ಬೇರೆ. ಪೇರೋಲ್ ಶುರುವಾದ ತಕ್ಷಣ ಅಪ್ರೂವ್ ಆದ ಗಂಟೆಗಳನ್ನೆಲ್ಲ ಆ ರನ್ ನಂಬರಿನ (ಆ ಸಲದ ಪೇರೋಲ್‌ಗೆ ಕೊಟ್ಟ ಸಂಖ್ಯೆ) ಜೊತೆ ಬೇರೆ ಟೇಬಲ್‌ಗೆ ನಕಲು ಮಾಡುತ್ತೇವೆ. ಲೆಕ್ಕ ಓದುವುದು ಆ ನಕಲನ್ನು ಮಾತ್ರ. ಮಧ್ಯೆ ನಿಂತು ಮತ್ತೆ ಓಡಿಸಿದರೂ ಅದೇ ಗಂಟೆ ಸಿಗುತ್ತದೆ. ಮೂರು ತಿಂಗಳ ನಂತರ ಯಾರಾದರೂ ಕೇಳಿದರೆ ಯಾವ ಗಂಟೆಗೆ ದುಡ್ಡು ಹೋಗಿದೆ ಅಂತ ತೋರಿಸಬಹುದು. ಲಾಕ್ ಮತ್ತು ನಕಲು ಎರಡರಲ್ಲಿ ಒಂದನ್ನೇ ಆರಿಸಬೇಕು ಅಂದರೆ ನಾನು ನಕಲನ್ನೇ ಆರಿಸುತ್ತೇನೆ.

ಹಾಜರಾತಿ ವಿಭಾಗದವರು:

ನೀವೆಲ್ಲ ಮನುಷ್ಯರು ತಿದ್ದುವುದನ್ನೇ ಹೇಳುತ್ತಿದ್ದೀರಿ. ನಮ್ಮಲ್ಲಿ ಜಾಸ್ತಿ ತೊಂದರೆ ಕೊಟ್ಟಿದ್ದು ಬಯೋಮೆಟ್ರಿಕ್ ಮಷೀನ್. ನೆಟ್‌ವರ್ಕ್ ಹೋದಾಗ ಅದು ಪಂಚ್‌ಗಳನ್ನು (ಯಾರು ಯಾವಾಗ ಬಂದರು, ಹೋದರು ಅನ್ನುವ ದಾಖಲೆ) ತನ್ನೊಳಗೇ ಇಟ್ಟುಕೊಳ್ಳುತ್ತದೆ. ಒಂದು ಸಲ ಎರಡು ದಿನ ಲೈನ್ ಇರಲಿಲ್ಲ. ಸರಿಯಾಗಿದ್ದು ಪೇರೋಲ್ ಅರ್ಧ ಆದಾಗ. ಎಲ್ಲಾ ಪಂಚ್ ಒಟ್ಟಿಗೆ ಬಂದು ಬಿದ್ದವು, ಸಿಸ್ಟಮ್ ಯಾರನ್ನೂ ಕೇಳದೆ ಗಂಟೆಗಳನ್ನು ಮತ್ತೆ ಲೆಕ್ಕ ಹಾಕಿತು, ಗೈರುಹಾಜರಿ ಅಂತ ಇದ್ದವರು ಹಾಜರಾದರು, ಆದರೆ ಅವರ ಸಂಬಳ ಕಟ್ ಆಗಿಯೇ ಹೋಗಿತ್ತು.

ಈಗ ಪಂಚ್ ಯಾವಾಗ ಬಂದರೂ ತೆಗೆದುಕೊಳ್ಳುತ್ತೇವೆ, ಒಂದನ್ನೂ ಬಿಸಾಡುವುದಿಲ್ಲ. ಲಾಕ್ ಆದ ಅವಧಿಯದ್ದಾದರೆ ಮಾತ್ರ ಗಂಟೆ ಬದಲಾಗುವುದಿಲ್ಲ, ಬೇರೆ ಪಟ್ಟಿಗೆ ಹೋಗುತ್ತದೆ. ಅಲ್ಲಿಂದ ತಿದ್ದುಪಡಿ. ಕಟ್ ಆಫ್ ದಿನ ಬೆಳಿಗ್ಗೆ ಎಲ್ಲಾ ಮಷೀನ್ ಸಿಸ್ಟಮ್ ಜೊತೆ ಕೊನೆಯ ಸಲ ಯಾವಾಗ ಮಾತಾಡಿದೆ ಅಂತ ನೋಡುವುದನ್ನೂ ಅಭ್ಯಾಸ ಮಾಡಿಕೊಂಡಿದ್ದೇವೆ.

ಹಿಂದಿನ ತಾರೀಕಿಗೆ ರಜೆ ಮಂಜೂರು ಮಾಡಿದರೂ ಟೈಮ್‌ಶೀಟ್ ಬದಲಾಗುತ್ತದೆ. ಶಿಫ್ಟ್ ರೋಸ್ಟರ್ (ಯಾರಿಗೆ ಯಾವ ಶಿಫ್ಟ್ ಅನ್ನುವ ಪಟ್ಟಿ) ತಿದ್ದಿದರೂ ಹಾಗೇ. 31ರ ರಾತ್ರಿ 10ಕ್ಕೆ ಬಂದು 1ರ ಬೆಳಿಗ್ಗೆ 6ಕ್ಕೆ ಹೋಗುವವರ ಗಂಟೆ ಯಾವ ಅವಧಿಗೆ ಸೇರುತ್ತದೆ ಅಂತ ಮೊದಲೇ ತೀರ್ಮಾನ ಮಾಡಿ. ನಮ್ಮಲ್ಲಿ ಶಿಫ್ಟ್ ಶುರುವಾದ ದಿನಕ್ಕೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಅನ್‌ಲಾಕ್ ಮಾಡುವ ಅಧಿಕಾರ ಯಾರಿಗೆ ಕೊಡಬೇಕು? ಮತ್ತೆ ನಮ್ಮ ಎರಡು ಸಣ್ಣ ಘಟಕಗಳು ಇನ್ನೂ ಎಕ್ಸೆಲ್‌ನಲ್ಲೇ ಇವೆ.

ಪೇರೋಲ್ ನೋಡಿಕೊಳ್ಳುವವರು:

ಅನ್‌ಲಾಕ್ ಮಾಡುವವರು, ತಿದ್ದುವವರು ಒಬ್ಬರೇ ಆಗಬಾರದು. ನಮ್ಮಲ್ಲಿ ನಾನು ಕೇಳುತ್ತೇನೆ, ಫೈನಾನ್ಸ್‌ನವರು ತೆರೆಯುತ್ತಾರೆ, ಕಾರಣ ಬರೆಯದೆ ತೆರೆಯುವುದಿಲ್ಲ. ಅವಧಿ ಪೂರ್ತಿ ತೆರೆಯಬೇಡಿ, ಆ ಒಬ್ಬ ನೌಕರರದ್ದು ಮಾತ್ರ ತೆರೆಯಿರಿ. ತೆರೆದರೆ ಅವರ ಲೆಕ್ಕ ರದ್ದಾಗಿ ಮತ್ತೆ ಆಗಲೇಬೇಕು, ಇಲ್ಲದಿದ್ದರೆ ಹಳೆಯ ಕಥೆಯೇ. ಹಳೆಯ ಗಂಟೆ, ಹೊಸ ಗಂಟೆ, ಯಾರು, ಯಾವಾಗ, ಇಷ್ಟೂ ಆಡಿಟ್ ಲಾಗ್‌ನಲ್ಲಿ ಇರಲಿ. ಬ್ಯಾಂಕ್ ಫೈಲ್ ಹೋದ ಮೇಲೆ ಮಾತ್ರ ಯಾರಿಗೂ ಅನ್‌ಲಾಕ್ ಇಲ್ಲ. ಪೇರೋಲ್ ಮಧ್ಯೆ ನಿಂತು ಲಾಕ್ ಹಾಗೇ ಉಳಿದುಬಿಟ್ಟರೂ ಇಷ್ಟು ಗಂಟೆ ಆದ ಮೇಲೆ ತಾನಾಗೇ ಬಿಡುವಂತೆ ಇಡಬೇಡಿ. ಫೈಲ್ ಹೋಗಿದೆಯೋ ಇಲ್ಲವೋ ಅಂತ ಮನುಷ್ಯರೇ ನೋಡಿ ಬಿಡಿಸಬೇಕು.

ಸಾಫ್ಟ್‌ವೇರ್ ಬರೆಯುವವರು:

ಎಕ್ಸೆಲ್ ಶೀಟ್ ಪ್ರೊಟೆಕ್ಷನ್ ಕೈತಪ್ಪಿ ಆಗುವ ಬದಲಾವಣೆಗೆ ಮಾತ್ರ ಅಡ್ಡಿ, ಬೇಕಂತ ಮಾಡುವವರನ್ನು ತಡೆಯುವುದಿಲ್ಲ. ಕಟ್ ಆಫ್ ಹೊತ್ತಿಗೆ ಫೈಲ್ ನಕಲು ಮಾಡಿ ನಿಮಗೆ ಮಾತ್ರ ಬರೆಯಲು ಆಗುವ ಫೋಲ್ಡರ್‌ಗೆ ಹಾಕಿ, ಅದರಿಂದಲೇ ಸಂಬಳ ಮಾಡಿ. ಬ್ಯಾಂಕ್ ಫೈಲ್ ಕಳಿಸುವ ಮುಂಚೆ ಮೂಲ ಫೈಲ್ ಜೊತೆ ಹೋಲಿಸಿ. ಒಟ್ಟು ಗಂಟೆ ಮಾತ್ರ ನೋಡಬೇಡಿ. ಒಬ್ಬರಿಗೆ 2 ಏರಿ ಇನ್ನೊಬ್ಬರಿಗೆ 2 ಇಳಿದಿದ್ದರೆ ಒಟ್ಟು ಸರಿಯಾಗೇ ಇರುತ್ತದೆ. ಒಬ್ಬೊಬ್ಬರದೂ ನೋಡಿ.

ಕೇಳಿದವರು:

ಇವತ್ತು ಕೂತು ನಮ್ಮಲ್ಲಿ ಟೈಮ್‌ಶೀಟ್‌ಗೆ ಗಂಟೆ ಎಲ್ಲೆಲ್ಲಿಂದ ಬಂದು ಬೀಳುತ್ತದೆ ಅಂತ ಬರೆದು ನೋಡಿದೆ. ವೆಬ್ ಪೇಜ್, ಮೊಬೈಲ್ ಆ್ಯಪ್, ಎಕ್ಸೆಲ್ ಇಂಪೋರ್ಟ್, ಬಯೋಮೆಟ್ರಿಕ್, ರಜೆ ಮಂಜೂರಾತಿ. ಒಟ್ಟು ಐದು. ಈಗಿನ ಸಿಸ್ಟಮ್‌ನಲ್ಲಿ ಲಾಕ್ ಹಾಕಿದರೂ ಅದು ಗೊತ್ತಾಗುವುದು ವೆಬ್ ಪೇಜ್‌ಗೆ ಮಾತ್ರ. ಈ ತಿಂಗಳ ಕಟ್ ಆಫ್‌ಗೆ ಇನ್ನೂ ಹನ್ನೊಂದು ದಿನ ಇದೆ. ಮೊದಲು ನಕಲು ತೆಗೆಯುವುದನ್ನು ಶುರು ಮಾಡಿಸುತ್ತೇನೆ, ಆಮೇಲೆ ಮೊಬೈಲ್ ಆ್ಯಪ್.