ಟ್ಯೂಬಿನಲ್ಲಿ ಬಸಿರು: ಪಾವಗಡದಿಂದ ಕಳಿಸುವ ಮುಂಚೆ ಏನು ಮಾಡಬೇಕು, ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಪ್ರಶ್ನೆ: ಸಮುದಾಯ ಆರೋಗ್ಯಾಧಿಕಾರಿ, ಪಾವಗಡ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರ ಸಭೆಗೆ ಎಕ್ಟೋಪಿಕ್, ಅಂದರೆ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ (ಟ್ಯೂಬಿನಲ್ಲಿ) ನಿಲ್ಲುವ ಬಸಿರಿನ ಬಗ್ಗೆ ಅರ್ಧ ಗಂಟೆಯ ಪಾಠ ಸಿದ್ಧ ಮಾಡುತ್ತಿದ್ದೇನೆ. ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್‌ನಲ್ಲಿ ಎರಡು ಗೆರೆ ಬಂದರೆ ತಾಯಿ ಕಾರ್ಡ್ ಮಾಡಿಸಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಬಸಿರು ಗರ್ಭಕೋಶದೊಳಗೇ ಕೂತಿದೆಯಾ ಅನ್ನುವ ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ. ಇಲ್ಲಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರಲು ಹತ್ತಿರ ಹತ್ತಿರ ನೂರು ಕಿಲೋಮೀಟರ್. ಯಾವ ಲಕ್ಷಣ ಕಂಡರೆ ತಡ ಮಾಡಬಾರದು? ಆಂಬ್ಯುಲೆನ್ಸ್ ಹತ್ತಿಸುವ ಮುಂಚೆ ನಾವು ಏನೇನು ಮಾಡಿರಬೇಕು? ಮನೆಯವರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು: "ಟ್ಯೂಬ್ ಯಾಕೆ ತೆಗೆದರು, ಬಸಿರನ್ನೇ ಎತ್ತಿ ಗರ್ಭಕೋಶದಲ್ಲಿ ಇಡೋಕೆ ಆಗ್ತಿರಲಿಲ್ವಾ?"

ಉತ್ತರ 1: ಸ್ತ್ರೀರೋಗ ತಜ್ಞೆ, ತುಮಕೂರು

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಮನೆಯವರ ಸಂಕಟ ಅಲ್ಲೇ ಇರುವುದು. ಎತ್ತಿ ಇಡಲು ಆಗುವುದಿಲ್ಲ, ಅಂಥ ಚಿಕಿತ್ಸೆ ಎಲ್ಲೂ ಇಲ್ಲ. ಪಿಂಡ ಟ್ಯೂಬಿನ ಗೋಡೆಯೊಳಗೆ ಬೇರು ಬಿಟ್ಟಿರುತ್ತದೆ. ಬಿಡಿಸಿದರೆ ಅದಕ್ಕೆ ರಕ್ತ ಒದಗಿಸುವ ಜಾಗವೇ ಹರಿದುಹೋಗುತ್ತದೆ. ಆ ಬಸಿರು ಉಳಿಯುವಂಥದ್ದಲ್ಲ, ತಾಯಿಯನ್ನು ಉಳಿಸಿಕೊಳ್ಳಬೇಕು ಎಂದು ಸಮಾಧಾನವಾಗಿ, ಸ್ಪಷ್ಟವಾಗಿ ಹೇಳಿ.

ನೂರು ಬಸಿರಿನಲ್ಲಿ ಒಂದೆರಡು ಹೀಗೆ ಜಾಗ ತಪ್ಪುತ್ತವೆ. ಅವುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಟ್ಯೂಬಿನಲ್ಲೇ ಇರುತ್ತವೆ. ಗರ್ಭಕೋಶದ ಗೋಡೆ ದಪ್ಪ, ಬಸಿರಿನ ಜೊತೆ ಹಿಗ್ಗುತ್ತದೆ. ಟ್ಯೂಬಿನ ಗೋಡೆ ತೆಳು, ಹಿಗ್ಗುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಆರರಿಂದ ಎಂಟು ವಾರದ ಹೊತ್ತಿಗೆ ನೋವು, ಸೋರಿಕೆ, ಕೊನೆಗೆ ಒಡೆಯುವುದು. ಗರ್ಭಕೋಶದ ಮೂಲೆಯಲ್ಲಿ ಕೂತದ್ದು ತಡವಾಗಿ ಒಡೆಯುತ್ತದೆ, ಆದರೆ ಒಡೆದಾಗ ರಕ್ತಸ್ರಾವ ಭಯಂಕರ.

ಮುಟ್ಟು ತಪ್ಪಿದೆ, ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ಸ್ವಲ್ಪ ಕಂದು ರಕ್ತ: ಇಷ್ಟಿದ್ದರೆ ಅದೇ ದಿನ ಸ್ಕ್ಯಾನ್ ಆಗಬೇಕು. ತಲೆಸುತ್ತು, ಬಿಳಿಚಿಕೊಳ್ಳುವುದು, ಪದೇಪದೇ ಮಲಕ್ಕೆ ಹೋಗಬೇಕು ಅನಿಸುವುದು, ಮಲಗಿದಾಗ ಭುಜದ ತುದಿಯಲ್ಲಿ ನೋವು, ಇವು ಬಂದರೆ 108ಕ್ಕೆ ಫೋನ್ ಮಾಡಿ. ಭುಜದ ನೋವನ್ನು ಬಿಡಿಸಿ ಕಲಿಸಿ: ಹೊಟ್ಟೆಯಲ್ಲಿ ತುಂಬಿದ ರಕ್ತ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಪದರ) ತಾಗುತ್ತದೆ, ವಪೆಗೂ ಭುಜಕ್ಕೂ ನರದ ಮೂಲ ಒಂದೇ. ಆಕೆ "ಭುಜ ಹಿಡ್ಕೊಂಡಿದೆ" ಅಂದರೆ ಮುಲಾಮು ಕೊಟ್ಟು ಕಳಿಸಬಾರದು.

ಇನ್ನೆರಡು ಕಡೆ ಮೋಸ ಹೋಗುತ್ತೇವೆ. ಒಂದು, "ಆಪರೇಷನ್ ಆಗಿದೆ, ಬಸಿರು ಹೇಗಾಗುತ್ತೆ?" ಎಂಬ ಮಾತು. ಟ್ಯೂಬೆಕ್ಟಮಿ (ಮಕ್ಕಳಾಗದ ಆಪರೇಷನ್) ವಿಫಲವಾಗುವುದು ಅಪರೂಪ. ಆದರೆ ವಿಫಲವಾಗಿ ನಿಂತ ಬಸಿರಿನಲ್ಲಿ ಸುಮಾರು ಮೂರಕ್ಕೆ ಒಂದು ಎಕ್ಟೋಪಿಕ್. ಕಾಪರ್-ಟಿ ಇದ್ದೂ ಬಸಿರಾದವರಲ್ಲೂ ಈ ಅನುಮಾನ ಇರಲಿ. ಎರಡನೆಯದು ಮೆಡಿಕಲ್ ಶಾಪಿನ ಗರ್ಭಪಾತದ ಮಾತ್ರೆ. ಅದು ಟ್ಯೂಬಿನ ಬಸಿರನ್ನು ತೆಗೆಯುವುದಿಲ್ಲ. ಗರ್ಭಕೋಶದ ಒಳಪದರ ಮಾತ್ರ ಕಳಚಿ ರಕ್ತ ಹೋಗುತ್ತದೆ, ಎಲ್ಲರೂ "ಆಯಿತು" ಅಂದುಕೊಳ್ಳುತ್ತಾರೆ, ಟ್ಯೂಬಿನಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಸ್ಕ್ಯಾನ್‌ನಲ್ಲಿ ಬಸಿರು ಎಲ್ಲಿದೆ ಎಂದು ನೋಡದೆ ಆ ಮಾತ್ರೆ ಯಾರೂ ನುಂಗಬಾರದು.

ಉತ್ತರ 2: ಅರಿವಳಿಕೆ ವಿಭಾಗ

ಕಳಿಸುವ ಮುಂಚಿನ ಕೆಲಸದ ಬಗ್ಗೆ. ಎರಡೂ ಕೈಗೆ ಡ್ರಿಪ್ ಕೊಡುವ ದಪ್ಪ ಕ್ಯಾನುಲಾ ಹಾಕಿ: 16ರ ಬೂದು ಬಣ್ಣದ್ದು ಅಥವಾ 18ರ ಹಸಿರು. ಅದಕ್ಕಿಂತ ತೆಳುವಾದ ಗುಲಾಬಿ ಒಂದೇ ಹಾಕಿ ಕಳಿಸಿದರೆ ದಾರಿಯಲ್ಲಿ ರಕ್ತನಾಳ ಕುಸಿದಾಗ ಮತ್ತೆ ಸಿಗುವುದಿಲ್ಲ. ಒತ್ತಡ ಇಳಿದಿದ್ದರೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ 500 ಮಿ.ಲೀ. ಬೇಗ ಬಿಟ್ಟು ಮತ್ತೆ ಬಿಪಿ ನೋಡಿ. ಮೇಲಿನ ಅಂಕಿ 80-90 ಇದ್ದು, ಆಕೆ ಸರಿಯಾಗಿ ಮಾತಾಡುತ್ತಿದ್ದರೆ ಸಾಕು. 120 ಮಾಡಲು ಬಾಟಲಿ ಮೇಲೆ ಬಾಟಲಿ ಸುರಿದರೆ ರಕ್ತ ತೆಳುವಾಗುತ್ತದೆ, ಕಟ್ಟಿಕೊಂಡ ಹೆಪ್ಪು ಕಿತ್ತುಬರುತ್ತದೆ.

ಹಿಮೋಗ್ಲೋಬಿನ್ 11 ಇದೆ ಎಂದು ನಿರಾಳವಾಗಬೇಡಿ. ಈಗತಾನೇ ಸುರಿದ ರಕ್ತ ಆ ಅಂಕಿಯಲ್ಲಿ ಕಾಣುವುದಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಮೈಯ ರಕ್ತದ ಮೂರನೇ ಒಂದು ಭಾಗ ಹೋಗುವವರೆಗೂ ಬಿಪಿ ನಿಂತಿರಬಹುದು. ಸಾಮಾನ್ಯವಾಗಿ ನಾಡಿ ಮೊದಲು ಏರುತ್ತದೆ, ಹೊಟ್ಟೆಯಲ್ಲಿ ರಕ್ತ ತುಂಬಿದಾಗ ಕೆಲವರಲ್ಲಿ ಅದೂ ಏರುವುದಿಲ್ಲ. ಅದಕ್ಕೇ ಮುಖದ ಬಣ್ಣ, ತಣ್ಣಗಿನ ಬೆವರು, ಕೈಕಾಲು ಮುಟ್ಟಿ ನೋಡುವುದು ಮುಖ್ಯ.

ಬಾಯಿಗೆ ನೀರೂ ಬೇಡ. ಕಂಬಳಿ ಹೊದಿಸಿ, ಆಕ್ಸಿಜನ್ ಇದ್ದರೆ ಕೊಡಿ. ಹೊಟ್ಟೆ ಒತ್ತಿ ಒತ್ತಿ ನೋಡಬೇಡಿ. ಚೀಟಿಯಲ್ಲಿ ಕೊನೆಯ ಮುಟ್ಟಿನ ದಿನ, ಕಾರ್ಡ್ ಟೆಸ್ಟ್ ಫಲ, ನೋವು ಶುರುವಾದ ಹೊತ್ತು, ರಕ್ತದ ಗುಂಪು ಬರೆಯಿರಿ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ರಕ್ತನಿಧಿಯವರು ಸಿದ್ಧರಿರುತ್ತಾರೆ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಬರಲಿ. ಆಪರೇಷನ್‌ಗೆ ಆಕೆಯ ಸಹಿ ಸಾಕು, ಊರಿಂದ ಗಂಡ ಬರಲಿ ಎಂದು ಯಾರೂ ಕಾಯುವ ಅಗತ್ಯವಿಲ್ಲ.

ಉತ್ತರ 3: ಲ್ಯಾಪ್ರೊಸ್ಕೋಪಿ ಮಾಡುವ ವೈದ್ಯ

ಒಡೆದ ಟ್ಯೂಬನ್ನು ತೆಗೆದು ಜೀವ ಉಳಿಸಿದ ಮೊದಲ ಶಸ್ತ್ರಚಿಕಿತ್ಸೆ 1883ರಲ್ಲಿ ಇಂಗ್ಲೆಂಡಿನಲ್ಲಿ ಸರ್ಜನ್ ಲಾಸನ್ ಟೇಟ್ ಮಾಡಿದ್ದು. ತತ್ವ ಇವತ್ತಿಗೂ ಅದೇ: ರಕ್ತ ಬರುವ ಜಾಗ ಹಿಡಿ, ಆ ಟ್ಯೂಬ್ ತೆಗೆ.

ಕುಸಿದು ಬಂದವರಿಗೆ ಹೊಟ್ಟೆ ತೆರೆಯುವುದೇ ಬೇಗ ಆಗುವ ದಾರಿ. ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆ ಕೊಡುವುದಿಲ್ಲ, ಪೂರ್ತಿ ಅರಿವಳಿಕೆಯೇ. ಅದನ್ನು ಕೊಡುವ ಮುಂಚೆಯೇ ಹೊಟ್ಟೆ ಒರೆಸಿ ಬಟ್ಟೆ ಹೊದಿಸಿ ಸಿದ್ಧರಿರುತ್ತೇವೆ, ಸ್ನಾಯು ಸಡಿಲವಾದ ಕೂಡಲೇ ಬಿಪಿ ಕುಸಿಯುತ್ತದೆ. ತೆರೆದ ಮೇಲೆ ರಕ್ತ ಹೀರುತ್ತಾ ಕೂರಬಾರದು. ಕೈ ಇಳಿಸಿ, ಗರ್ಭಕೋಶ ಎತ್ತಿ, ಟ್ಯೂಬಿನ ಕೆಳಗಿನ ಪದರಕ್ಕೆ ಕ್ಲ್ಯಾಂಪ್ ಹಾಕಬೇಕು. ಹೀರುವುದು, ತೊಳೆಯುವುದು ಆಮೇಲೆ.

ಸ್ಥಿರವಾಗಿದ್ದರೆ ಲ್ಯಾಪ್ರೊಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಹೊಕ್ಕುಳಲ್ಲಿ 10 ಮಿ.ಮೀ. ರಂಧ್ರ, ಕೆಳಗೆ 5 ಮಿ.ಮೀ.ಯ ಎರಡು, ಹೊಟ್ಟೆ ಉಬ್ಬಿಸುವ ಗಾಳಿಯ ಒತ್ತಡ 12-15 ಮಿ.ಮೀ. ಪಾದರಸ. ಟ್ಯೂಬನ್ನು ಎತ್ತಿ ಹಿಡಿದು, ವಿದ್ಯುತ್ತಿನ ಇಕ್ಕಳ ಬೈಪೋಲಾರ್‌ನಿಂದ ಸುಟ್ಟು, ಕತ್ತರಿಸುತ್ತಾ ಹೋಗುತ್ತೇವೆ. ಟ್ಯೂಬಿಗೆ ಅಂಟಿಕೊಂಡೇ ಸಾಗಬೇಕು, ಕೆಳಗಿಳಿದರೆ ಅಂಡಾಶಯದ ರಕ್ತನಾಳಕ್ಕೆ ಪೆಟ್ಟು. ಗರ್ಭಕೋಶದ ಕಡೆ ಉದ್ದ ಮೊಟಕು ಬಿಟ್ಟರೆ ಮುಂದೆ ಅಲ್ಲೇ ಎಕ್ಟೋಪಿಕ್ ಆಗಬಹುದು. ತುಂಡನ್ನು ಚೀಲದಲ್ಲಿ ಹಾಕಿಯೇ ಹೊರತೆಗೆಯಬೇಕು, ಚೂರು ಬಿದ್ದರೆ ಹೊಟ್ಟೆಯೊಳಗೆ ಮತ್ತೆ ಬೇರೂರಬಲ್ಲದು. ಆಮೇಲೆ ಇನ್ನೊಂದು ಟ್ಯೂಬ್ ನೋಡಿ, ಹೇಗಿದೆ ಎಂದು ಕೇಸ್ ಶೀಟಿನಲ್ಲಿ ಬರೆಯಲೇಬೇಕು. ಮುಂದಿನ ಬಸಿರಿನ ಮಾತೆಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ.

ಟ್ಯೂಬ್ ಉಳಿಸುವುದೂ ಸಾಧ್ಯ: ಮೇಲ್ಭಾಗದಲ್ಲಿ ಒಂದೆರಡು ಸೆಂಟಿಮೀಟರ್ ಸೀಳಿ, ನೀರಿನ ಒತ್ತಡದಿಂದ ಪಿಂಡವನ್ನು ಹೊರಜಾರಿಸಿ, ಗಾಯವನ್ನು ಹೊಲಿಯದೆ ಬಿಡುವುದು. ಆದರೆ ಕೆಲವರಲ್ಲಿ ಚೂರು ಉಳಿದು ಬೆಳೆಯುತ್ತದೆ. ಬೀಟಾ ಎಚ್‌ಸಿಜಿ (ಬಸಿರಿನ ಹಾರ್ಮೋನು) ಪೂರ್ತಿ ಇಳಿಯುವವರೆಗೆ ವಾರವಾರ ರಕ್ತ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಟ್ಯೂಬ್ ಚೆನ್ನಾಗಿದ್ದರೆ ಇದರಿಂದ ದೊಡ್ಡ ಲಾಭವಿಲ್ಲ. 2014ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಇಸೆಪ್ ಅಧ್ಯಯನದಲ್ಲಿ ಆಮೇಲೆ ತಾನಾಗಿ ಬಸಿರಾದವರು ಉಳಿಸಿದ ಗುಂಪಿನಲ್ಲಿ ಶೇ. 60.7, ತೆಗೆದ ಗುಂಪಿನಲ್ಲಿ ಶೇ. 56.2. ಲೆಕ್ಕಕ್ಕೆ ಹಿಡಿಯುವಷ್ಟು ಅಂತರವಲ್ಲ. ಇನ್ನೊಂದು ಟ್ಯೂಬ್ ಹಾಳಾಗಿದ್ದು ಮಕ್ಕಳು ಬೇಕೆಂದರೆ ಮಾತ್ರ ಉಳಿಸಲು ನೋಡುತ್ತೇವೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಡಾಕ್ಟ್ರೇ. ಕೆಲವರಿಗೆ ಇಂಜೆಕ್ಷನ್‌ನಲ್ಲೇ ವಾಸಿಯಾಯಿತಂತೆ, ಎಲ್ಲರಿಗೂ ಅದನ್ನೇ ಯಾಕೆ ಕೊಡುವುದಿಲ್ಲ? ವಾಪಸ್ ಊರಿಗೆ ಬಂದ ಮೇಲೆ ನಾವು ಏನು ಗಮನಿಸಬೇಕು?

ಉತ್ತರ 1ರವರು ಮತ್ತೆ

ಅದು ಮೆಥೋಟ್ರೆಕ್ಸೇಟ್. ಮೈ ಅಳತೆಯ ಪ್ರತಿ ಚದರ ಮೀಟರ್‌ಗೆ 50 ಮಿ.ಗ್ರಾಂ., ಸ್ನಾಯುವಿಗೆ. ಒಡೆದಿರಬಾರದು, ಗಡ್ಡೆ ಚಿಕ್ಕದಿರಬೇಕು, ಪಿಂಡದ ಹೃದಯ ಬಡಿಯುತ್ತಿರಬಾರದು, ಬೀಟಾ ಎಚ್‌ಸಿಜಿ 5000ದೊಳಗಿದ್ದರೆ ಒಳ್ಳೆಯದು. ಲಿವರ್, ಕಿಡ್ನಿ ಸರಿಯಿರಬೇಕು, ಮಗುವಿಗೆ ಹಾಲು ಕುಡಿಸುತ್ತಿರಬಾರದು. ನಾಲ್ಕನೇ ದಿನಕ್ಕೂ ಏಳನೇ ದಿನಕ್ಕೂ ನಡುವೆ ಬೀಟಾ ಎಚ್‌ಸಿಜಿ ಶೇ. 15ರಷ್ಟಾದರೂ ಇಳಿಯಬೇಕು, ಇಲ್ಲದಿದ್ದರೆ ಮತ್ತೊಂದು ಡೋಸ್ ಅಥವಾ ಆಪರೇಷನ್. ಇಂಜೆಕ್ಷನ್ ಆದ ಮೇಲೂ ಟ್ಯೂಬ್ ಒಡೆಯಬಹುದು. ಪದೇಪದೇ ಬರಲಾಗದ, ರಾತ್ರಿ ವಾಹನ ಸಿಗದ ಊರಿನವರಿಗೆ ಆಪರೇಷನ್ನೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಇಂಜೆಕ್ಷನ್ ಪಡೆದವರಿಗೆ ಫೋಲಿಕ್ ಆಸಿಡ್ ಕೊಡಬೇಡಿ, ಔಷಧ ಕೆಲಸ ಮಾಡುವುದಿಲ್ಲ. ನಿಮ್ಮ ಆಶಾ ಕಾರ್ಯಕರ್ತೆಯರು ಬಸುರಿಗೆ ಕೊಡುವ ಅಭ್ಯಾಸದಲ್ಲಿ ಕೊಟ್ಟುಬಿಡುವ ಸಾಧ್ಯತೆ ಇದೆ, ಇದನ್ನು ಒತ್ತಿ ಹೇಳಿ. ಮೂರು ತಿಂಗಳು ಬಸಿರಾಗಬಾರದು.

ಆಪರೇಷನ್ ಆದವರ ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತದ ಗುಂಪು ನೋಡಿ. ನೆಗೆಟಿವ್ ಇದ್ದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಿರಬೇಕು. ಜ್ವರ, ಗಾಯದಲ್ಲಿ ಕೀವು, ಮತ್ತೆ ಹೊಟ್ಟೆನೋವು ಬಂದರೆ ವಾಪಸ್ ಕಳಿಸಿ. ಕಬ್ಬಿಣದ ಮಾತ್ರೆ ಮುಂದುವರಿಯಲಿ.

ಒಮ್ಮೆ ಹೀಗಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗಬಹುದು. ಅವರ ಹೆಸರು ನಿಮ್ಮ ಪಟ್ಟಿಯಲ್ಲಿ ಗುರುತಾಗಿರಲಿ. ಮುಂದಿನ ಸಲ ಮುಟ್ಟು ನಿಂತ ತಕ್ಷಣ ಕಾರ್ಡ್ ಟೆಸ್ಟ್, ಆರನೇ ವಾರಕ್ಕೆ ಒಳಗಿನಿಂದ ಮಾಡುವ ಸ್ಕ್ಯಾನ್, ನೋವು ಇದ್ದರೂ ಇಲ್ಲದಿದ್ದರೂ.