ಒಂದು ತಪ್ಪು ಕಮಾಂಡಿಗೆ ಟೂಲೇ ಮುಚ್ಚಿಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಪೈಥಾನ್‌ನ ಸಿಎಂಡಿ ಮಾಡ್ಯೂಲ್ (ಕಮಾಂಡ್ ಹೊಡೆಯುತ್ತಾ ನಡೆಸುವ ಟೂಲ್ ಬರೆಯಲು ಇರುವುದು, cmd) ಬಳಸಿ ಗೋದಾಮಿನ ಸ್ಟಾಕ್ ನೋಡಿಕೊಳ್ಳುವ ಟೂಲ್ ಬರೆದಿದ್ದೇನೆ. ಸಂಖ್ಯೆ ಬೇಕಾದ ಕಡೆ ಅಕ್ಷರ ಹೊಡೆದರೆ ಉದ್ದಕ್ಕೆ ಟ್ರೇಸ್‌ಬ್ಯಾಕ್ (ತಪ್ಪು ಎಲ್ಲಿ ಆಯಿತೆಂಬ ವಿವರ) ಸುರಿದು ಟೂಲ್ ಮುಚ್ಚಿಕೊಳ್ಳುತ್ತದೆ. ಪ್ರತಿ ಕಮಾಂಡಿಗೂ ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ಹಾಕಬೇಕೇ? ಬಲ್ಲವರು ತಿಳಿಸಿ.

— ಬೇಡ. ಎಲ್ಲ ಕಮಾಂಡುಗಳೂ ಒನ್‌ಸಿಎಂಡಿ (onecmd) ಎಂಬ ಮೆಥಡ್ ಮೂಲಕವೇ ಹೋಗುತ್ತವೆ. ಅದನ್ನು ನಿಮ್ಮ ಕ್ಲಾಸಿನಲ್ಲಿ ಮತ್ತೆ ಬರೆದು, ಸೂಪರ್‌ನ (ಅಂದರೆ ಸಿಎಂಡಿಯ ಮೂಲ ಕ್ಲಾಸಿನ) ಒನ್‌ಸಿಎಂಡಿಯನ್ನು ಕರೆಯುವ ಒಂದೇ ಸಾಲಿಗೆ ಟ್ರೈ ಹಾಕಿ. ಸೂಪರ್ ಕೊಟ್ಟದ್ದನ್ನು ರಿಟರ್ನ್ ಮಾಡಲು ಮರೆತರೆ ಕ್ವಿಟ್ ಕೆಲಸ ಮಾಡುವುದಿಲ್ಲ. ಎಕ್ಸೆಪ್ಟ್‌ನಲ್ಲಿ ಫಾಲ್ಸ್ ಕೊಡಿ. ಟ್ರೂ ಕೊಟ್ಟರೆ ಕಮಾಂಡ್ ಕೇಳುತ್ತಿರುವ ಲೂಪ್ ನಿಲ್ಲುತ್ತದೆ.

ಬಳಕೆದಾರರ ತಪ್ಪಿಗೆಂದೇ ಬೇರೆ ಎಕ್ಸೆಪ್ಶನ್ ಕ್ಲಾಸ್ ಮಾಡಿಕೊಳ್ಳಿ. ಅದಕ್ಕೆ ಒಂದು ಸಾಲು ಸಾಕು: "ಪ್ರಮಾಣ ಸಂಖ್ಯೆಯಾಗಿರಬೇಕು, ನೀವು ಕೊಟ್ಟದ್ದು 'ಹತ್ತು'. ಹೀಗೆ ಬರೆಯಿರಿ: ಆ್ಯಡ್ ಅಕ್ಕಿ 10". ಮಿಕ್ಕ ಎಕ್ಸೆಪ್ಶನ್‌ಗಳು ನಿಮ್ಮ ಕೋಡಿನ ಬಗ್‌ಗಳು. ಅವುಗಳ ಟ್ರೇಸ್‌ಬ್ಯಾಕ್ ನುಂಗಿಹಾಕಬೇಡಿ, ಲಾಗಿಂಗ್ ಡಾಟ್ ಎಕ್ಸೆಪ್ಶನ್‌ನಿಂದ ಫೈಲಿಗೆ ಬರೆಸಿ.

— ಕಮಾಂಡಿನ ಆರ್ಗ್ಯುಮೆಂಟ್ ಬಿಡಿಸಲು ಪೈಥಾನ್‌ನ ಆರ್ಗ್‌ಪಾರ್ಸ್ (argparse) ಬಳಸುತ್ತಿದ್ದರೆ ಇಷ್ಟೇ ಸಾಲದು. ತಪ್ಪು ಆರ್ಗ್ಯುಮೆಂಟ್ ಬಂದರೆ ಅದು 2 ಎಂಬ ಕೋಡ್‌ನೊಂದಿಗೆ ಪ್ರೋಗ್ರಾಮ್ ಮುಚ್ಚಿಸುವ ಸಿಸ್ಟಮ್‌ಎಗ್ಜಿಟ್ ಎಸೆಯುತ್ತದೆ. 'ಎಕ್ಸೆಪ್ಟ್ ಎಕ್ಸೆಪ್ಶನ್' ಅದನ್ನು ಹಿಡಿಯುವುದಿಲ್ಲ. ಪೈಥಾನ್ 3.9ರಿಂದ ಹೀಗೆ ಮುಚ್ಚದಂತೆ ಹೇಳುವ ಎಗ್ಜಿಟ್-ಆನ್-ಎರರ್ ಆಯ್ಕೆ ಇದೆ, ಆದರೆ ಹಳೆಯ ಆವೃತ್ತಿಗಳಲ್ಲಿ ಗುರುತಿಲ್ಲದ ಆರ್ಗ್ಯುಮೆಂಟ್ ಬಂದಾಗ ಅದನ್ನೂ ಲೆಕ್ಕಿಸದೆ ಹೊರಗೆ ಹೋಗುತ್ತದೆ. ಪಾರ್ಸರ್‌ನ ಎರರ್ ಮೆಥಡನ್ನೇ ಬದಲಿಸಿ, ಮೇಲೆ ಹೇಳಿದ ನಿಮ್ಮ ಎಕ್ಸೆಪ್ಶನ್ ಎಸೆಯುವುದು ಖಚಿತ ದಾರಿ. ಹೆಲ್ಪ್ ಕೇಳಿದಾಗಲೂ ಎಗ್ಜಿಟ್ ಆಗುವುದರಿಂದ ಸಿಸ್ಟಮ್‌ಎಗ್ಜಿಟನ್ನು ಒನ್‌ಸಿಎಂಡಿಯಲ್ಲೂ ಹಿಡಿಯಿರಿ.

— ಸ್ಟಾಕ್ ಟೂಲ್ ಅಂದಿರಲ್ಲ, ಎಲ್ಲಕ್ಕಿಂತ ಮೊದಲು ಎಂಪ್ಟಿಲೈನ್ (emptyline) ಮೆಥಡ್ ನೋಡಿ! ಬರೀ ಎಂಟರ್ ಒತ್ತಿದರೆ ಸಿಎಂಡಿ ಹಿಂದಿನ ಕಮಾಂಡನ್ನೇ ಮತ್ತೆ ಓಡಿಸುತ್ತದೆ. 'ರಿಮೂವ್ ಅಕ್ಕಿ 50' ಆದಮೇಲೆ ಕೈತಪ್ಪಿ ಎಂಟರ್ ಬಿದ್ದರೆ ಲೆಕ್ಕದಲ್ಲಿ 100 ಕಡಿಮೆಯಾಗಿರುತ್ತದೆ, ಎರರ್ ಕೂಡ ಬರುವುದಿಲ್ಲ. ಆ ಮೆಥಡ್‌ನಲ್ಲಿ ಪಾಸ್ ಎಂದಷ್ಟೇ ಬರೆಯಿರಿ.

ಪ್ರಾಂಪ್ಟ್‌ನಲ್ಲಿ ಕಂಟ್ರೋಲ್-ಸಿ ಒತ್ತಿದ್ದು ಒನ್‌ಸಿಎಂಡಿಗೆ ಸಿಗುವುದಿಲ್ಲ, ಸಿಎಂಡಿಲೂಪ್‌ನ ಹೊರಗೆ ಹಿಡಿದು ಲೂಪನ್ನು ಮತ್ತೆ ಶುರು ಮಾಡಬೇಕು. ಇನ್‌ಪುಟ್ ಮುಗಿಯಿತು ಎಂದು ತಿಳಿಸುವ ಕಂಟ್ರೋಲ್-ಡಿಗೆ ಡು-ಇಒಎಫ್ (do_EOF) ಮೆಥಡ್ ಬರೆದು ಟ್ರೂ ಕೊಡಿ. ಅದಿಲ್ಲದೆ ಫೈಲಿನಿಂದ ಕಮಾಂಡ್ ಊಡಿಸಿದರೆ, ಫೈಲ್ ಮುಗಿದಮೇಲೂ 'ಅನ್‌ನೋನ್ ಸಿಂಟ್ಯಾಕ್ಸ್' ಎಂದು ಕೊನೆಯಿಲ್ಲದೆ ಹೊಡೆದುಕೊಳ್ಳುತ್ತಲೇ ಇರುತ್ತದೆ.

— ಟೂಲ್ ಮುಚ್ಚದೆ ಉಳಿಯುತ್ತದೆ ಅಂದರೆ ಅರ್ಧಕ್ಕೆ ನಿಂತ ಬದಲಾವಣೆಯೂ ಉಳಿಯುತ್ತದೆ. ಎರಡು ಗೋದಾಮುಗಳ ನಡುವಿನ ವರ್ಗಾವಣೆಯಲ್ಲಿ ಹೆಸರು, ಪ್ರಮಾಣ, ಲಭ್ಯ ದಾಸ್ತಾನು ಮೂರನ್ನೂ ಮೊದಲು ಪರೀಕ್ಷಿಸಿ, ಆಮೇಲಷ್ಟೇ ಕಳೆಯಿರಿ, ಕೂಡಿಸಿ. ಇನ್ನೊಂದು, ಪ್ರಮಾಣ ಪರೀಕ್ಷಿಸಲು 0-9 ಮಾತ್ರ ಒಪ್ಪುವ ರೆಜೆಕ್ಸ್ (ಅಕ್ಷರ ಮಾದರಿ ಹೊಂದಿಸಿ ನೋಡುವ ಸೂತ್ರ) ಹಾಕಬೇಡಿ. ಕನ್ನಡ ಅಂಕಿಯಲ್ಲಿ ೧೦ ಎಂದು ಹೊಡೆದರೂ ಪೈಥಾನ್‌ನ ಇಂಟ್ (int) ಫಂಕ್ಷನ್ ಅದನ್ನು 10 ಎಂದೇ ಓದುತ್ತದೆ.