ಬಬಲ್ ಟೀ: ಬೇಯಿಸಿದ ಬೋಬಾ ಎಷ್ಟು ಹೊತ್ತು ಇಡಬಹುದು? ಸೀಲ್ ಮಾಡಿದ ಕಪ್ಪಿಗೆ ಲೇಬಲ್ ಬೇಕಾ?

ಪ್ರಶ್ನೆ

ಸಣ್ಣ ಕೌಂಟರಿನಲ್ಲಿ ಬಬಲ್ ಟೀ ಮಾರುವ ತಯಾರಿ ನಡೆದಿದೆ. ಲೈಸೆನ್ಸ್ ಅರ್ಜಿಯ ಜೊತೆ ಆಹಾರ ಸುರಕ್ಷತೆಯ ಪ್ಲಾನ್ ಬರೆದು ಕೊಡಬೇಕು. ಬೆಳಿಗ್ಗೆ ಒಂದೇ ಸಲ ಬೋಬಾ (ಚಹಾಕ್ಕೆ ಹಾಕುವ ಮರಗೆಣಸಿನ ಪಿಷ್ಟದ ಗುಂಡುಗಳು) ಬೇಯಿಸಿ ಸಂಜೆವರೆಗೆ ಬಳಸಬಹುದೇ? ಕೆಲವು ಕಪ್ಪುಗಳನ್ನು ಮೊದಲೇ ತುಂಬಿ, ಸೀಲ್ ಮಾಡಿ ಫ್ರಿಜ್ಜಿನಲ್ಲಿಟ್ಟು ಮಾರಿದರೆ ನಿಯಮ ಬದಲಾಗುತ್ತದೆಯೇ? ಕಪ್, ಅದರ ಬಾಯಿ ಮುಚ್ಚುವ ಫಿಲ್ಮ್, ಸ್ಟ್ರಾ ಯಾವುದು ತೆಗೆದುಕೊಳ್ಳಲಿ? ತಿಳಿದವರು ವಿವರವಾಗಿ ಹೇಳಿ.

ಉತ್ತರ 1

ಬೆಳಿಗ್ಗೆ ಬೇಯಿಸಿದ್ದನ್ನು ಸಂಜೆವರೆಗೆ ಇಡಬೇಡಿ. ಬೋಬಾ ಅಂದರೆ ಬೆಂದ ಪಿಷ್ಟ, ಅದರಲ್ಲಿ ನೀರಿನಂಶ ಜಾಸ್ತಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೋಬಾ ಉಗುರುಬೆಚ್ಚಗೆ ಕೂತಿದ್ದಾಗ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ "ಮಧ್ಯಾಹ್ನ ಇನ್ನೊಂದು ಸಲ ಬಿಸಿ ಮಾಡುತ್ತೇವೆ" ಅಂತ ಪ್ಲಾನಿನಲ್ಲಿ ಬರೆದರೆ ಅದು ಪರಿಹಾರವಾಗುವುದಿಲ್ಲ.

ಬೆಂದ ಆಹಾರವನ್ನು ಹೊರಗಿನ ತಾಪಮಾನದಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಸಲಹೆ. ಅಮೆರಿಕದ ಫುಡ್ ಕೋಡ್ 4 ಗಂಟೆಯವರೆಗೆ ಅವಕಾಶ ಕೊಡುತ್ತದೆ, ಆದರೆ ಪಾತ್ರೆಯ ಮೇಲೆ ಸಮಯ ಬರೆದಿರಬೇಕು, ಅವಧಿ ಮುಗಿದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ನಿಮ್ಮಲ್ಲಿ ಯಾವ ಮಿತಿ ಇದೆಯೋ ಅದನ್ನೇ ಬರೆಯಿರಿ. ವಾರ್ಮರ್ (ಬಿಸಿಯಾಗಿಡುವ ಪಾತ್ರೆ) ಇದ್ದರೆ ಬೋಬಾ ಹಾಕಿಟ್ಟ ಸಕ್ಕರೆ ಪಾಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಡಿಸ್‌ಪ್ಲೇ ತೋರಿಸುವ ಅಂಕಿ ನಂಬಬೇಡಿ. ಪದೇಪದೇ ಮುಚ್ಚಳ ತೆಗೆಯುವಾಗ ಮೇಲಿನ ಪದರ ಬೇಗ ಆರುತ್ತದೆ. ಥರ್ಮಾಮೀಟರ್ ಕಡ್ಡಿಯನ್ನು ಅಲ್ಲೇ ಇಟ್ಟು ನೋಡಿ.

ಸಣ್ಣ ಸಣ್ಣ ಪಾಳಿಯಲ್ಲಿ ಬೇಯಿಸುವುದೇ ಸರಿ. 500 ಗ್ರಾಂ ಒಣ ಬೋಬಾಗೆ ಮೂರೂವರೆ ಲೀಟರ್ ನೀರು. ನೀರು ಕೊತಕೊತ ಕುದಿಯುವಾಗಲೇ ಹಾಕಬೇಕು. ತಣ್ಣೀರಿಗೆ ಹಾಕಿದರೆ ಹೊರಪದರ ಕರಗಿ ಇಡೀ ಪಾತ್ರೆ ಗಂಜಿಯಾಗುತ್ತದೆ. ತೇಲಿ ಬರುವವರೆಗೆ ತಳದಿಂದ ಕಲಕಿ. ಆಮೇಲೆ 25–30 ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಳ ಹಾಕಿ ಅಷ್ಟೇ ಹೊತ್ತು ಬಿಡಿ. ಪ್ಯಾಕೆಟ್ಟಿನ ಮೇಲೆ ಬೇರೆ ಸಮಯ ಕೊಟ್ಟಿದ್ದರೆ ಅದೇ ಅಂತಿಮ. ಒಂದು ಕಾಳು ಕೊಯ್ದು ನೋಡಿ, ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಸೋಸಿ ತೊಳೆಯುವ ನೀರು ಕುಡಿಯುವ ನೀರೇ ಆಗಿರಬೇಕು, ಏಕೆಂದರೆ ಅದಾದ ಮೇಲೆ ಮತ್ತೆ ಕುದಿಸುವುದಿಲ್ಲ. ಐಸಿಗೂ ಇದೇ ಮಾತು. ಬೆಂದ ಮೇಲೆ ತೂಕ ಸುಮಾರು ಎರಡು ಪಟ್ಟಾಗುತ್ತದೆ. ಕಪ್ಪಿಗೆ 50–60 ಗ್ರಾಂ ಲೆಕ್ಕ ಹಿಡಿದು ಪಾಳಿಯ ಗಾತ್ರ ನಿರ್ಧರಿಸಿ.

ಉತ್ತರ 2

ಎರಡನೇ ಪ್ರಶ್ನೆಗೆ: ಹೌದು, ಬದಲಾಗುತ್ತದೆ. ಗಿರಾಕಿ ಕೇಳಿದ ಮೇಲೆ ತಯಾರಿಸಿ ಎದುರಿಗೇ ಸೀಲ್ ಮಾಡಿ ಕೊಟ್ಟರೆ ಸಾಮಾನ್ಯವಾಗಿ ಅದು ಬಡಿಸಿದ ಆಹಾರ. ಮೊದಲೇ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಅದನ್ನು ಪ್ಯಾಕ್ ಮಾಡಿದ ಆಹಾರ ಎಂದೇ ಪರಿಗಣಿಸುವ ದೇಶಗಳು ಹಲವು. ಆಗ ಹೆಸರು, ಪದಾರ್ಥಗಳ ಪಟ್ಟಿ, ಅಲರ್ಜಿಕಾರಕಗಳು, ಪ್ರಮಾಣ, ಎಂದಿನೊಳಗೆ ಬಳಸಬೇಕು, ತಯಾರಕರ ವಿಳಾಸ, ಇವೆಲ್ಲ ಕಪ್ಪಿನ ಮೇಲೇ ಬರಬೇಕಾಗಬಹುದು. ಇಷ್ಟು ಮಾಡಿದರೂ ಲಾಭವಿಲ್ಲ. ಫ್ರಿಜ್ಜಿನಲ್ಲಿ ಪಿಷ್ಟ ಬಿಗಿದುಕೊಂಡು ಬೋಬಾ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಚಹಾ, ಹಾಲನ್ನು ಮಾತ್ರ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಟ್ಟು, ಬೋಬಾ ಕೊನೆಗೆ ಹಾಕಿ.

ಹೆಚ್ಚಿನವರು ಎಡವುವುದು ಹಾಲಿನ ಬದಲು ಹಾಕುವ ಕ್ರೀಮರ್ ಪುಡಿಯಲ್ಲಿ. "ನಾನ್ ಡೈರಿ" ಅಂತ ಬರೆದಿದ್ದರೂ ಪಟ್ಟಿಯಲ್ಲಿ ಸೋಡಿಯಂ ಕೇಸಿನೇಟ್ ಇದ್ದರೆ ಅದು ಹಾಲಿನ ಪ್ರೋಟೀನೇ. ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಜೀವಕ್ಕೇ ಕುತ್ತಾಗಬಹುದು. ಟ್ಯಾರೋ (ಕೆಸುವಿನ ಗಡ್ಡೆ), ಮಾಚಾ (ಹಸಿರು ಚಹಾ ಪುಡಿ) ಮಿಕ್ಸ್‌ಗಳಲ್ಲೂ ಈ ಕ್ರೀಮರ್ ಸೇರಿರಬಹುದು. ಪ್ರತಿ ಪ್ಯಾಕೆಟ್ಟಿನ ಲೇಬಲ್ಲಿನ ಫೋಟೋ ತೆಗೆದು ಫೈಲಿನಲ್ಲಿಡಿ, ಸರಬರಾಜುದಾರರು ಬದಲಾದರೆ ಮತ್ತೆ ಓದಿ. ಹಾಲಿಲ್ಲದ ಆರ್ಡರಿಗೆ ಶೇಕರ್ ಬೇರೆಯೇ ಇರಲಿ, ನೀರಲ್ಲಿ ಜಾಲಾಡಿಸಿದರೆ ಸಾಲದು. ಪುಡ್ಡಿಂಗ್, ಜೆಲ್ಲಿಯಲ್ಲಿ ಜೆಲಟಿನ್ ಇದೆಯೇ ಎಂದೂ ನೋಡಿ, ಅದು ಪ್ರಾಣಿಜನ್ಯವಾದ್ದರಿಂದ ಸಸ್ಯಾಹಾರಿಗಳು ಕೇಳುತ್ತಾರೆ.

ಪುಟ್ಟ ಮಕ್ಕಳಿಗೆ ಬೋಬಾ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಬಿಎಫ್‌ಆರ್ 2012ರಲ್ಲೇ ಎಚ್ಚರಿಸಿತ್ತು. ಆ ಸೂಚನೆ ಕೌಂಟರಿನಲ್ಲಿ ಕಣ್ಣಿಗೆ ಬೀಳುವಂತಿರಲಿ.

ಉತ್ತರ 3

ಕಪ್ ಮತ್ತು ಫಿಲ್ಮ್ ಜೋಡಿಯಾಗಿಯೇ ಬರಬೇಕು: ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಕಪ್ಪಿಗೆ ಪಿಪಿಗಾಗಿ ಮಾಡಿದ ಫಿಲ್ಮ್, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಕಪ್ಪಿಗೆ ಅದರದ್ದು. ಬಿಸಿ ಪಾನೀಯಕ್ಕೆ ಪಿಪಿ (ತಳದಲ್ಲಿ 5 ಎಂಬ ಗುರುತು). ಪಿಎಲ್‌ಎ (ಸಸ್ಯಮೂಲದ ಪ್ಲಾಸ್ಟಿಕ್) ಕಪ್ 60 ಡಿಗ್ರಿಯ ಸುತ್ತಮುತ್ತಲೇ ಮೆತ್ತಗಾಗುತ್ತದೆ, ತಣ್ಣನೆಯದಕ್ಕೆ ಮಾತ್ರ ಸರಿ.

ಸೀಲ್ ಸೋರಿದರೆ ಎಲ್ಲರೂ ಮೊದಲು ಮೆಷಿನ್ನಿನ ಶಾಖ ಏರಿಸುತ್ತಾರೆ. ಅದಕ್ಕೂ ಮೊದಲು ಕಪ್ಪಿನ ಅಂಚು ಒರೆಸಿ ನೋಡಿ. ಅಂಚಿಗೆ ಹಾಲಿನ ನೊರೆ ತಾಗಿದ್ದರೆ ಫಿಲ್ಮ್ ಅಂಟುವುದಿಲ್ಲ. ಮೇಲೆ 1 ಸೆಂಟಿಮೀಟರ್ ಖಾಲಿ ಬಿಡಿ. ಆಮೇಲೂ ಸೋರಿದರೆ 5 ಡಿಗ್ರಿಯಂತೆ ಏರಿಸುತ್ತ ಹೋಗಿ, ಪ್ರತಿ ಸಲ ಕಪ್ಪನ್ನು ತಲೆಕೆಳಗು ಮಾಡಿ ಮೆಲ್ಲಗೆ ಹಿಂಡಿ ನೋಡಿ. ಫಿಲ್ಮ್ ಸುಕ್ಕಾದರೆ ಶಾಖ ಜಾಸ್ತಿಯಾಯಿತು ಅಂತ ಅರ್ಥ.

ಸ್ಟ್ರಾ ವಿಷಯದಲ್ಲಿ ಕಾನೂನು ಬಿಗಿ. ಪ್ಲಾಸ್ಟಿಕ್ ಸ್ಟ್ರಾಗಳನ್ನು ಯೂರೋಪಿಯನ್ ಯೂನಿಯನ್ 2021ರ ಜುಲೈ 3ರಿಂದ, ಭಾರತ 2022ರ ಜುಲೈ 1ರಿಂದ ನಿಷೇಧಿಸಿವೆ. ಯೂರೋಪಿನಲ್ಲಿ ಪಿಎಲ್‌ಎ ಕೂಡ ಪ್ಲಾಸ್ಟಿಕ್ ಲೆಕ್ಕಕ್ಕೇ ಬರುತ್ತದೆ. ಒಳಗೆ ಪ್ಲಾಸ್ಟಿಕ್ ಪದರವಿರುವ ಕಾಗದದ ಕಪ್ಪಿಗೆ ಅಲ್ಲಿ ನಿಷೇಧವಿಲ್ಲ, ಆದರೆ ಪ್ಲಾಸ್ಟಿಕ್ ಇದೆ ಎಂಬ ಗುರುತು ಅದರ ಮೇಲೆ ಇರಬೇಕು. "ಪರಿಸರಸ್ನೇಹಿ" ಅಂತ ಬರೆದಿದೆ ಎಂದು ಕೊಳ್ಳಬೇಡಿ. ಯಾವ ವಸ್ತು, ಆಹಾರಕ್ಕೆ ತಾಗಬಹುದೇ, ಎಷ್ಟು ಡಿಗ್ರಿವರೆಗೆ, ಈ ಮೂರಕ್ಕೂ ಸರಬರಾಜುದಾರರಿಂದ ಲಿಖಿತ ಪತ್ರ ಪಡೆಯಿರಿ.

ಕಾಗದದ ಸ್ಟ್ರಾ ಆದರೆ 12 ಮಿ.ಮೀ. ಅಗಲ, ದಪ್ಪ ಗೋಡೆ, ಓರೆಯಾಗಿ ಕತ್ತರಿಸಿದ ತುದಿ ಇರಲಿ. ನೇರ ತುದಿಯದು ಫಿಲ್ಮ್ ಚುಚ್ಚುವಾಗಲೇ ಮಡಚಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ವಾರ್ಮರ್ ಇಲ್ಲದಿದ್ದರೆ ಸಮಯವನ್ನು ಯಾವಾಗಿನಿಂದ ಎಣಿಸಬೇಕು?

ಉತ್ತರ 1

ಸೋಸಿದ ಕ್ಷಣದಿಂದ. ಪಾಕಕ್ಕೆ ಹಾಕಿದಾಗಿನಿಂದಲ್ಲ. ಡಬ್ಬಿಯ ಮೇಲೆ ಬೇಯಿಸಿದ ಸಮಯಕ್ಕಿಂತ "ಇಷ್ಟು ಗಂಟೆಗೆ ಚೆಲ್ಲಿ" ಅಂತ ಬರೆಯಿರಿ, ಕೆಲಸದ ಗಡಿಬಿಡಿಯಲ್ಲಿ ಯಾರೂ ಲೆಕ್ಕ ಹಾಕಬೇಕಾಗುವುದಿಲ್ಲ. ಹಳೆಯದರ ಮೇಲೆ ಹೊಸ ಪಾಳಿ ಸುರಿಯಬೇಡಿ, ಡಬ್ಬಿ ತೊಳೆದು ಒಣಗಿಸಿಯೇ ತುಂಬಿ.